ಒಂದು ಬೂಟಿಗೆ ಎರಡು ಓಟು

ಹೆಂಗಸರ ಪೆಟ್ಟಿಗೆಯಿಂದ ತೆಗೆದ ಐದನೆಯ ಚೀಟಿಯಲ್ಲೂ ಬೂಟಿನಂಗಡಿಯ ದೊನ್ ಫೆರ್ಮಿನ್‌ನ ಹೆಸರು ಬರಲಿಲ್ಲ. ಶಾಲೆಯ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಇನ್ನೊಂದು ಬಿಚ್ಚಿ, ಮತ್ತೆ "ದೊನ್ ಅನ್ಸೆಲ್ಮೊ" ಎಂದು ಓದಿದರು. ಫೆರ್ಮಿನ್ ನಕ್ಕ. ಗಂಡಸರ ಪೆಟ್ಟಿಗೆಯ ಎಣಿಕೆಯಲ್ಲಿ ಔಷಧಿ ಅಂಗಡಿಯ ಅನ್ಸೆಲ್ಮೊಗಿಂತ ಅವನೇ ಒಂದಿಷ್ಟು ಮುಂದಿದ್ದ. ಸಾಲದ್ದಕ್ಕೆ ಈ ಪೆಟ್ಟಿಗೆಯ ತಳದಲ್ಲಿ ಹೆಂಡತಿ ಕ್ಲೊರಿಂಡಾಳ ಚೀಟಿ ಇದ್ದೇ ಇತ್ತಲ್ಲ. ಮನೆಯವಳು ಬೆಳಗ್ಗೆ ಎಲ್ಲರಿಗಿಂತ ಮೊದಲು ಹಾಕಿದ್ದಾಳೆ, ಅಡಿಯಲ್ಲಿರುತ್ತದೆ ಎಂದು ಪಕ್ಕದವನಿಗೆ ಅವನೇ ಸಮಾಧಾನ ಹೇಳಿದ.

ಚಿಲಿಯ ಹೆಂಗಸರಿಗೆ ಪುರಸಭೆಯ ಓಟು ಸಿಕ್ಕಿದ್ದು ಆ ವರ್ಷವೇ ಮೊದಲು. ಅದೂ ಓದು ಬರಹ ಬಲ್ಲವರಿಗೆ ಮಾತ್ರ. ಒಲೆ ಉರಿಸುವವರಿಗೆ ಓಟು ಯಾಕೆಂದು ಊರಿನ ಗಂಡಸರು ಉರಿದುಕೊಂಡಾಗ ಹೆಂಗಸರ ಪರ ಗಂಟಲು ಹರಿದುಕೊಂಡವನು ಫೆರ್ಮಿನ್ ಒಬ್ಬನೇ. ಅದಕ್ಕೆ ಅವನದೇ ಕಾರಣವಿತ್ತು. ಪ್ರತಿ ಚುನಾವಣೆಯಲ್ಲೂ ಗಂಡಸರಿಗೆ ಅವನು ಹಂಚುತ್ತಿದ್ದದ್ದು ಎಡಗಾಲಿನ ಬೂಟು. ಬಲಗಾಲಿನದು ಗೆದ್ದ ಮೇಲೆ. ಬಲ ಯಾವಾಗಲೂ ನಮ್ಮ ಕೈಯಲ್ಲಿರಬೇಕು ಎನ್ನುತ್ತಿದ್ದ. ಈಗ ಗಂಡ ಹೋದಲ್ಲಿಗೆ ಹೆಂಡತಿಯೂ ಬರುತ್ತಾಳೆ, ಅಂದರೆ ಒಂದು ಬೂಟಿಗೆ ಎರಡು ಓಟು! ಹಾಗಂತ ಅವನು ಯಾವ ಹೆಂಗಸನ್ನೂ ಓಟು ಕೇಳಲಿಲ್ಲ, ಗಂಡಂದಿರನ್ನೇ ಕೇಳಿದ. ಸ್ವಂತ ಹೆಂಡತಿಯನ್ನಂತೂ ಕೇಳಲೇ ಇಲ್ಲ. ಮನೆಯ ಬಾವಿಗೆ ಕೊಡ ಇಳಿಸಲು ಯಾರಾದರೂ ಅಪ್ಪಣೆ ಕೇಳುತ್ತಾರೆಯೇ?

ಹೆಂಗಸರಿಗೆ ಬೇರೆ ಕೋಣೆ, ಬೇರೆ ಪೆಟ್ಟಿಗೆ ಎಂದು ಕಾನೂನು ಹೇಳಿತ್ತು. ಮಾನವಂತರ ಮನೆಯ ಹೆಂಗಸರು ಗಂಡಸರ ಸಾಲಿನಲ್ಲಿ ನಿಲ್ಲಬಾರದೆಂದು ಫೆರ್ಮಿನ್ ಆ ಕಾನೂನನ್ನು ಬಾಯ್ತುಂಬ ಹೊಗಳಿದ್ದ. ಪೆಟ್ಟಿಗೆ ಬೇರೆಯಾದರೆ ಎಣಿಕೆಯೂ ಬೇರೆಯಾಗುತ್ತದೆ ಎಂಬುದು ಅವನಿಗೆ ಹೊಳೆದದ್ದು ಪೆಟ್ಟಿಗೆ ಅರ್ಧ ಖಾಲಿಯಾದಾಗ. ಕೊನೆಯ ಚೀಟಿಯೂ ಅನ್ಸೆಲ್ಮೊಗೇ ಹೋಯಿತು. ಮೇಷ್ಟ್ರು ಪೆಟ್ಟಿಗೆಯನ್ನು ಬೋರಲು ಹಾಕಿ ತಟ್ಟಿದರು. ಒಂದು ಸತ್ತ ನೊಣ ಬಿತ್ತು. ಅದು ಯಾರ ಪರವೂ ಇರಲಿಲ್ಲ.

"ದೊನ್ ಫೆರ್ಮಿನ್, ಸೊನ್ನೆ" ಎಂದರು ಮೇಷ್ಟ್ರು, ಆದಷ್ಟು ಮೆಲ್ಲಗೆ. ಪುರಸಭೆಯ ಕುರ್ಚಿ ಅನ್ಸೆಲ್ಮೊನ ಪಾಲಾಯಿತು.

ಒಂದೇ ಒಂದು ಚೀಟಿ ಬಂದಿದ್ದರೂ ಅದು ಕ್ಲೊರಿಂಡಾಳದೆಂದು ಊರೇ ನಂಬುತ್ತಿತ್ತು. ಸೊನ್ನೆಯ ಹಿಂದೆ ಅಡಗಿ ಕೂರಲು ಯಾರಿಗೆ ಸಾಧ್ಯ? ಎಣಿಕೆ ನೋಡಲು ಬಂದು ಹೆಂಗಸರ ನಡುವೆ ಕೂತಿದ್ದ ಅವಳತ್ತ ಎಲ್ಲರ ಕಣ್ಣೂ ತಿರುಗಿತು. ಅವಳು ಶಾಲು ಸರಿಪಡಿಸಿಕೊಂಡು ಹೊರಟಳು. ಕಿಟಕಿಯಾಚೆ ಓಟು ಹಾಕಲು ಬಂದವರ ಕೂಸುಗಳನ್ನು ಎತ್ತಿಕೊಂಡು ನಿಂತಿದ್ದ ಬಟ್ಟೆ ಒಗೆಯುವ ಪೆತ್ರೊನಿಲಾ ಕಿಸಕ್ಕನೆ ನಕ್ಕಳು. ಅಕ್ಷರ ಬಾರದ ನಿನಗೇನು ಅರ್ಥವಾಯಿತು ಎಂದು ಯಾರೋ ಗದರಿದರು.

"ಅಕ್ಷರ ಬರಲ್ಲ ಸ್ವಾಮಿ, ಎಡ ಬಲ ಬರುತ್ತೆ" ಎಂದಳು ಅವಳು. "ನಮ್ಮನೆಯೋನು ಒಂದು ಕಾಲಿಗೆ ಬೂಟು ಹಾಕ್ಕೊಂಡು ಹುಂಜದ ಥರ ಕುಪ್ಪಳಿಸೋದನ್ನ ದಿನಾ ನೋಡ್ತಿದೀನಲ್ಲ."

ಮನೆಯಲ್ಲಿ ಫೆರ್ಮಿನ್ ಮಾಂಸದ ಸಾರಿನ ಬಟ್ಟಲು ಮುಂದಿಟ್ಟುಕೊಂಡು ಚಮಚ ಮುಟ್ಟದೆ ಕೂತ. ನಿನ್ನ ಓಟು ಏನಾಯಿತೆಂದು ಕಡೆಗೂ ಕೇಳಿದ. ಓಟು ಗುಟ್ಟಾಗಿರಬೇಕೆಂದು ನೀವೇ ಕಲಿಸಿದ್ದಲ್ಲವೇ ಎಂದಳು ಅವಳು.

"ಸೊನ್ನೆ ಬಂದ್ಮೇಲೆ ಎಂಥ ಗುಟ್ಟೇ?"

"ನನ್ನ ಗುಟ್ಟು ಕೆಡಿಸಿದ್ದು ಉಳಿದೋರು ಕಣ್ರಿ. ಅವರಲ್ಲೊಬ್ಬಳಾದ್ರೂ ನಿಮಗೆ ಹಾಕ್ತಾಳೆ ಅಂದ್ಕೊಂಡಿದ್ದೆ."

ಆ ಅನ್ಸೆಲ್ಮೊನಲ್ಲಿ ಅಂಥದ್ದೇನು ಕಂಡೆ ಎಂದು ಅವನು ಸಿಡುಕಿದ.

"ಹರಳೆಣ್ಣೆ ಕುಡಿಸಿದ್ರೂ ಪೂರ್ತಿ ಚಮಚ ಕುಡಿಸ್ತಾರೆ. ನೀವು ಗೆದ್ದಿದ್ರೆ ಹೊಳೆಗೆ ಅರ್ಧ ಸೇತುವೆ ಕಟ್ಟಿ, ಇನ್ನರ್ಧ ಮುಂದಿನ ಚುನಾವಣೆ ಆದ್ಮೇಲೆ ಅಂತಿದ್ರಿ."

ಫೆರ್ಮಿನ್ ಸೋತಿದ್ದಕ್ಕಿಂತ ಇದಕ್ಕೆ ಹೆಚ್ಚು ನೊಂದುಕೊಂಡ. "ಗಂಡ ಹೆಂಡ್ತಿ ಅಂದ್ರೆ ಜೋಡು ಇದ್ದಂಗೆ ಕಣೆ. ಒಂದು ಹೋದ ಕಡೆ ಇನ್ನೊಂದೂ ಹೋಗ್ಬೇಕು."

"ಹೋಗೋಣ. ಆದ್ರೆ ಜೋಡಲ್ಲೂ ಒಂದು ಎಡ, ಒಂದು ಬಲ ಅಂತ ಇರುತ್ತಲ್ವಾ? ಎರಡೂ ಎಡವೇ ಆದ್ರೆ ಎಡವಿ ಬೀಳೋದೇ." ಅವಳು ಸಾರನ್ನು ಮತ್ತೆ ಬಿಸಿಗಿಟ್ಟಳು. "ಮೊದಲು ಜನರ ಬಲಗಾಲು ಜನರಿಗೆ ಕೊಟ್ಬನ್ನಿ. ಆಮೇಲೆ ನನ್ನ ಓಟು ಕೇಳಿ. ಕೇಳಿದ್ರೆ ಯೋಚಿಸ್ತೀನಿ."

ಮರುದಿನ ಫೆರ್ಮಿನ್ ಬಲಗಾಲಿನ ಬೂಟುಗಳನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಹೊರಟ. ಮೊದಲ ಬಾಗಿಲು ತೆರೆದವಳು ಪೆತ್ರೊನಿಲಾ. ಯಜಮಾನರಿದ್ದಾರಾ ಎಂದು ಕೇಳಲು ಹೋದವನು ನಾಲಿಗೆ ಕಚ್ಚಿಕೊಂಡು ತಲೆ ತಗ್ಗಿಸಿದ. ತಗ್ಗಿಸಿದಾಗ ಕಂಡಿತು: ಅವಳ ಎರಡು ಕಾಲೂ ಬರಿಗಾಲು. ಅವನು ಜೇಬಿನಿಂದ ಅಳತೆ ಪಟ್ಟಿ ತೆಗೆದು ಹೊಸಿಲ ಬಳಿ ಮಂಡಿಯೂರಿ, "ಎಲ್ಲಿ, ನಿನ್ನ ಕಾಲು ಕೊಡಮ್ಮ" ಎಂದ.

ಪೆತ್ರೊನಿಲಾ ನಗುತ್ತ ಪಾದ ಹಿಂದಕ್ಕೆಳೆದುಕೊಂಡಳು.

"ಇನ್ನೂ ಓಟೇ ಇಲ್ದಿರೋ ಕಾಲಿಗೆ ಅಳತೆ ಯಾಕೆ ಸ್ವಾಮಿ?"