ಮೇಷ್ಟ್ರಿಗೆ ಸನ್ಮಾನ

ಕಾವಲುಗಾರ ಮೇಷ್ಟ್ರ ಚೀಲಕ್ಕೆ ಕೈ ಹಾಕಿ ಕೆಮ್ಮಿನ ಔಷಧದ ಬಾಟಲಿಯನ್ನು ಹೊರಗೆಳೆದ.

“ಇದು ಒಳಗೆ ಬೇಡ ಸಾರ್. ಹೋಗುವಾಗ ಕೊಡ್ತೀನಿ.” ಅವರ ಮಗಳನ್ನು ಮಾತ್ರ ತಡೆಯಲಿಲ್ಲ. “ನೀವು ಹೋಗಮ್ಮ,” ಎಂದ.

ಬೇರೆಯವರಾಗಿದ್ದರೆ ಉರಿದು ಬೀಳುತ್ತಿದ್ದರು. ಮೇಷ್ಟ್ರು ಮೆಚ್ಚಿಕೊಂಡರು. ಶಿಸ್ತು ಅಂದರೆ ಇದು!

ಮೂವತ್ತು ವರ್ಷ ಮಕ್ಕಳಿಗೆ ಬೆನ್ನಿನ ಮೂಲಕವೇ ಲೆಕ್ಕವನ್ನು ತಲೆಗೆ ಹತ್ತಿಸಿದ ಪುಣ್ಯಾತ್ಮ ಅವರು. ಮನೆಯಲ್ಲೂ ಅದೇ ಪಾಠಕ್ರಮ. “ಅಪ್ಪಾ, ನಿಮ್ಮ ಕೈ ಸುಮ್ನಿರಲ್ಲ. ಮಗೂನ ನಿಮ್ಮ ಹತ್ರ ಬಿಡಲ್ಲ,” ಎಂದು ಮಗಳು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು. ಮೊಮ್ಮಗನನ್ನು ನೋಡದೆ ಮುದುಕರ ಜೀವ ಒದ್ದಾಡುತ್ತಿತ್ತು. ಆಗಲೇ ಹಳೆಯ ಶಿಷ್ಯನೊಬ್ಬನ ಫೋನು: “ನಿಮ್ಮ ಕ್ಲಾಸಿನವರು ಆರು ಜನ ಇಲ್ಲಿದೀವಿ ಸಾರ್. ನೀವು ಬರ್ಲೇಬೇಕು.” ಏಟು ತಿಂದವರೇ ಸನ್ಮಾನಕ್ಕೆ ಕರೆಯುವಾಗ ಇನ್ನೇನು ಸಾಕ್ಷಿ ಬೇಕು? ಕಣ್ಣಾರೆ ನೋಡು ಬಾ ಎಂದರೆ ಮಗಳೂ ಮರುಮಾತಾಡದೆ ಒಪ್ಪಿದ್ದಳು.

ಕೋಣೆಯಲ್ಲಿ ಆರೂ ಜನ ಸಾಲಾಗಿ ಕೂತಿದ್ದರು. ನಲವತ್ತು ದಾಟಿದ ಗಂಡಸರು. ಮೇಷ್ಟ್ರನ್ನು ಕಂಡೊಡನೆ ಎದ್ದು ನಿಂತರು. ಒಬ್ಬನ ಕೈ ನಡುಗುತ್ತಿತ್ತು.

“ನೋಡು, ಇವತ್ತಿಗೂ ಎಂಥ ಭಯಭಕ್ತಿ!” ಮೇಷ್ಟ್ರು ಮಗಳ ಕಿವಿಯಲ್ಲಿ ಉಸುರಿದರು. ಅವಳು ಸಾಲಿನ ಕೊನೆಯಲ್ಲಿದ್ದ ಖಾಲಿ ಕುರ್ಚಿಯತ್ತ ನೋಡಿದಳು.

ಚಹಾ ಬಂತು. “ಬೆಳಿಗ್ಗೆ ಐದಕ್ಕೆ ಏಳ್ತೀವಿ ಸಾರ್. ಗೇಟು ದಾಟಲ್ಲ,” ಎಂದ ಒಬ್ಬ. “ನಿಮ್ಮ ಬೆತ್ತ ಇಲ್ದಿದ್ರೆ ನಾನು ಇಲ್ಲಿಗೆ ಬರ್ತಾನೇ ಇರ್ಲಿಲ್ಲ,” ಎಂದ ಇನ್ನೊಬ್ಬ. ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು.

“ನನ್ನ ಮಗಳಿಗೆ ಬಾಯ್ಬಿಟ್ಟು ಹೇಳ್ರಪ್ಪಾ, ಏಟು ತಿಂದು ಏನಾದ್ರಿ?”

ಮೂಲೆಯಲ್ಲಿ ಕೂತಿದ್ದ ಹೆಂಗಸು ಎದ್ದು ಬಂದು ಮೇಷ್ಟ್ರಿಗೆ ಕುರ್ಚಿ ತೋರಿಸಿದರು.

“ಕೂತ್ಕೊಳ್ಳಿ ಸಾರ್. ನಾನು ಇಲ್ಲಿನ ಡಾಕ್ಟರು. ಕುಡಿತ ಬಿಡೋಕೆ ಬಂದವರಿಗೆಲ್ಲ ಒಂದು ದಿನ ಇಟ್ಟಿದೀವಿ. ಇದಕ್ಕೆಲ್ಲ ಮೂಲ ಯಾರು ಅನ್ಸುತ್ತೋ ಅವರನ್ನ ಕರೆಸಿ, ಎದುರಿಗೆ ಕೂರಿಸಿ ಮಾತಾಡ್ಬೇಕು. ಒಬ್ಬೊಬ್ರು ಒಬ್ಬೊಬ್ರನ್ನ ಕರೀತಾರೆ. ಏಳು ಜನಾನೂ ಒಬ್ಬರನ್ನೇ ಕರೆಸಿದ್ದು ಇದೇ ಮೊದಲು.”

ಮೇಷ್ಟ್ರ ಮುಖ ಬಿಳಿಚಿತು. ಆದರೂ ಹುಟ್ಟುಗುಣ ಎಲ್ಲಿ ಬಿಡುತ್ತದೆ? ತಪ್ಪು ಲೆಕ್ಕ ಸಹಿಸದವರು.

“ಆರು,” ಎಂದು ತಿದ್ದಿದರು. “ಆರೇ ಜನ.”

ಮಗಳು ಅವರ ಪಕ್ಕದಿಂದ ಸರಿದು ಹೋಗಿ, ಆ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತಳು.