ಎಡಗಡೆಯ ಹೆಜ್ಜೆಗಳು

"ಹೆಜ್ಜೆ ಸಪ್ಪಳ ಯಾವ ಕಡೆಯಿಂದ ಬರ್ತಿದೆ, ಹೇಳಿ ನೋಡೋಣ."

ಗಿರಾಕಿ ಇದನ್ನು ಕೇಳುತ್ತಿದ್ದುದು ಐದನೆಯ ಸಲ. ಕೊಳ್ಳಲು ಬಂದವನು ಅವನು. ಹೆಡ್‌ಫೋನ್ ಮಾತ್ರ ಅಂಗಡಿಯವನ ತಲೆಯ ಮೇಲಿತ್ತು.

ಅಂಗಡಿಯವನಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಕಿವಿಯಣ್ಣ. ಕಂಪ್ಯೂಟರಿಗೆ ಸೌಂಡ್ ಕಾರ್ಡ್ ಬೇಕೆಂದು ಯಾರೇ ಬರಲಿ, ಅವನು ಡಬ್ಬಿಯ ಮೇಲಿನ ಅಂಕಿಗಳನ್ನು ಓದುವವನಲ್ಲ. ಆಟಕ್ಕೋ ಹಾಡಿಗೋ ಎಂದಷ್ಟೇ ಕೇಳುತ್ತಿದ್ದ. ಆಟಕ್ಕಾದರೆ, ಬೆನ್ನ ಹಿಂದೆ ಬರುವ ಶತ್ರು ಯಾವ ಮೂಲೆಯಲ್ಲಿದ್ದಾನೆಂದು ಹೆಜ್ಜೆಯಿಂದಲೇ ತಿಳಿಯಬೇಕು. ಹಾಡಿಗಾದರೆ, ಹಾಡುವವಳು ಉಸಿರು ಎಳೆದುಕೊಂಡದ್ದೂ ಕೇಳಿಸಬೇಕು. ಪ್ರತಿ ಕಾರ್ಡನ್ನೂ ತಾನೇ ಕೂತು ಕೇಳಿ, ಒಪ್ಪಿದರೆ ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ ಒಂದು ಗೀಟು ಎಳೆಯುತ್ತಿದ್ದ. ಗೀಟು ಕಂಡರೆ ಸಾಕು, ಜನ ಬೇರೇನೂ ಕೇಳದೆ ಕೊಂಡು ಹೋಗುತ್ತಿದ್ದರು.

ಮೂರು ತಿಂಗಳಿಂದ ಒಂದು ಗೀಟೂ ಬಿದ್ದಿರಲಿಲ್ಲ. ಬಂದ ಕಾರ್ಡುಗಳಿಗೆಲ್ಲ ಒಂದೇ ರೋಗ: ಎಡಗಡೆ ಸಪ್ಪೆ. ಎರಡು ಪೆಟ್ಟಿಗೆಗಳನ್ನು ಹಾಗೇ ವಾಪಸ್ ಕಳಿಸಿದ್ದ. ಸಗಟು ವ್ಯಾಪಾರಿ ಫೋನಿನಲ್ಲಿ ಕೆಂಡವಾಗಿದ್ದ. ಇನ್ನೊಂದು ಪೆಟ್ಟಿಗೆ ಹಿಂದೆ ಬಂದರೆ ಮಾಲು ಕೊಡುವುದನ್ನೇ ನಿಲ್ಲಿಸುತ್ತೇನೆಂದಿದ್ದ. ಮಾಲು ನಿಂತರೆ ಅಂಗಡಿಗೆ ಕದ ಹಾಕುವುದೇ ಸೈ. ಆದರೂ ಕಿವಿಗೆ ಒಪ್ಪದ್ದನ್ನು ಮಾರುವುದು ಹೇಗೆ? ಮೂರನೆಯ ಪೆಟ್ಟಿಗೆ, ಹನ್ನೊಂದು ಕಾರ್ಡು, ವಾಪಸ್ ಚೀಟಿ ಅಂಟಿಸಿಕೊಂಡು ಬಾಗಿಲ ಬಳಿ ಕೂತಿತ್ತು. ನಾಲ್ಕಕ್ಕೆ ಕೊರಿಯರಿನವನು ಬರುವವನಿದ್ದ. ಈಗ ಮೂರೂಮುಕ್ಕಾಲು.

ಇದೆಲ್ಲದರ ಹಿಂದೆ ಯಾರಿದ್ದಾರೆಂದು ಕಿವಿಯಣ್ಣನಿಗೆ ಅನುಮಾನವೇ ಇರಲಿಲ್ಲ. ಎದುರು ಸಾಲಿನ ಹೊಸ ಶೋರೂಮ್. ಒಳ್ಳೆಯದು ಅಲ್ಲಿಗೆ, ಕಸ ಇಲ್ಲಿಗೆ. ಸಾಲದ್ದಕ್ಕೆ ಇಂದು ಈ ಮನುಷ್ಯ. ಮಗಳ ಆಟಕ್ಕೂ ತನ್ನ ಹಾಡಿಗೂ ಒಂದೇ ಕಾರ್ಡು ಬೇಕಂತೆ. ಬಂದು ಮುಕ್ಕಾಲು ಗಂಟೆಯಾದರೂ ಒಂದರ ಬೆಲೆಯನ್ನೂ ಕೇಳಿರಲಿಲ್ಲ. ನಿಮಗೆ ಹೇಗೆ ಕೇಳಿಸುತ್ತೆ ಎನ್ನುವುದು, ಶಬ್ದವನ್ನು ಒಂದೊಂದೇ ಮೆಟ್ಟಿಲು ಇಳಿಸುವುದು, ಪುಟ್ಟ ಪ್ಯಾಡಿನ ತಲೆಭಾಗವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೆಳಗೆ ಏನೋ ಗೀಚುವುದು. ಬೇಹುಗಾರನಲ್ಲದೆ ಮತ್ಯಾರು? ಇಷ್ಟು ವರ್ಷದ ಕಿವಿಯ ಗುಟ್ಟನ್ನು ಕಾಗದಕ್ಕಿಳಿಸಿಕೊಂಡು ಹೋಗಲು ಬಂದವನು.

"ಬಲಗಡೆ ಬಂತು, ಹೋಯ್ತು," ಎಂದ ಕಿವಿಯಣ್ಣ, ಎಡಭುಜದ ಮೇಲೆ ಇಳಿಬಿದ್ದ ಹೆಡ್‌ಫೋನ್ ತಂತಿಯನ್ನು ಬೆರಳಿಗೆ ಸುತ್ತುತ್ತ. "ಎಡಗಡೆ ಸತ್ತೇ ಹೋಗಿದೆ. ಇಂಥ ಕಾರ್ಡು ಹಾಕಿದ್ರೆ ನಿಮ್ಮ ಮಗಳು ಆಟದಲ್ಲಿ ದಿನಕ್ಕೆ ಹತ್ತು ಸಲ ಸಾಯ್ತಾಳೆ."

ರಿಪೇರಿ ಮೇಜಿನಲ್ಲಿ ಬೆಸುಗೆ ಹಾಕುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ. ಅವಳ ಸ್ಟೂಲು ಈಚೆಗೆ ಗಂಡನ ಬಲಕ್ಕೆ ಬಂದಿತ್ತು. ಫ್ಯಾನಿನ ಗಾಳಿ ಅಲ್ಲಿ ಚೆನ್ನಾಗಿ ಬೀಸುತ್ತದಂತೆ. ಮೊದಲ ಪೆಟ್ಟಿಗೆ ಬಂದಾಗ, ನನಗೇನೋ ಎರಡೂ ಕಡೆ ಸರಿಯಾಗೇ ಕೇಳಿಸ್ತಪ್ಪ ಎಂದಿದ್ದಳು. ನಿನ್ನ ಕಿವಿಗೆ ಕುಕ್ಕರ್ ಸೀಟಿಯೂ ಸಂಗೀತವೇ ಎಂದು ಅವನು ನಕ್ಕುಬಿಟ್ಟಿದ್ದ. ಅಂದಿನಿಂದ ಅವಳು ಕಾರ್ಡಿನ ಸುದ್ದಿಗೇ ಬಂದಿರಲಿಲ್ಲ. ಆದರೆ ಕಳೆದ ವಾರ ಅದೇ ಶೋರೂಮಿನ ಮೆಟ್ಟಿಲ ಬಳಿ ಯಾರೊಂದಿಗೋ ತಲೆಗೆ ತಲೆ ಕೊಟ್ಟು ಮಾತಾಡುತ್ತಿದ್ದುದನ್ನು ಕಿವಿಯಣ್ಣ ಕಂಡಿದ್ದ. ಕೇಳಿದರೆ, ದಾರಿ ಕೇಳುತ್ತಿದ್ದರು ಎಂದಿದ್ದಳು. ಅರ್ಧ ಗಂಟೆ ಕೇಳುವಂಥ ದಾರಿ ಯಾವುದೋ.

ಗಿರಾಕಿ ಹೆಡ್‌ಫೋನ್ ಇಸಿದುಕೊಂಡು ತಾನೊಮ್ಮೆ ಕೇಳಿದ. ತೆಗೆದು, ತನ್ನ ಕೈಯಾರೆ ಕಿವಿಯಣ್ಣನ ತಲೆಗೆ ತೊಡಿಸಿದ. ತಂತಿ ಬಲಭುಜದ ಮೇಲೆ ಬಿದ್ದು ಕುತ್ತಿಗೆಗೆ ಕಚಗುಳಿಯಿಟ್ಟಿತು. ಕಿವಿಯಣ್ಣ ಸಿಡುಕಿನಿಂದ ಅದನ್ನು ಆಚೆ ತಳ್ಳಿದ. ಗಡಿಯಾರ ನೋಡಿದ. ಹೆಜ್ಜೆಗಳು ಮತ್ತೆ ಸುತ್ತತೊಡಗಿದವು.

"ಈಗ?"

"ಈಗಲೂ ಅಷ್ಟೇ ಸ್ವಾಮಿ. ಎಡಗಡೆ ಇಲ್ಲವೇ ಇಲ್ಲ."

ಗಿರಾಕಿ ಕಿವಿಯಣ್ಣನ ಹೆಂಡತಿಯ ಮುಖ ನೋಡಿದ. ಅವಳು ಬೆಸುಗೆ ಕಡ್ಡಿಯನ್ನು ಕೆಳಗಿಟ್ಟಳು. ಕಿವಿಯಣ್ಣನಿಗೆ ಅಷ್ಟೇ ಸಾಕಾಯಿತು. ಇವರಿಬ್ಬರಿಗೂ ಮೊದಲೇ ಪರಿಚಯವಿದೆ.

ಗಿರಾಕಿ ಪ್ಯಾಡಿನಿಂದ ಒಂದು ಹಾಳೆ ಹರಿದು, ನಾಲ್ಕಾಗಿ ಮಡಚಿ ಅವಳ ಕೈಗೆ ಕೊಟ್ಟ. ನಾಳೆ ಹತ್ತಕ್ಕೆ ಎಂದು ಹೇಳಿ ಹೊರಟೇಬಿಟ್ಟ. ಕಾರ್ಡು ಕೊಳ್ಳಲಿಲ್ಲ. ರಸ್ತೆ ದಾಟಿದ. ಬಾಗಿಲಲ್ಲಿ ನಿಂತ ಕಿವಿಯಣ್ಣ ಕಣ್ಣು ಮಿಟುಕಿಸದೆ ನೋಡಿದ: ಅವನು ಶೋರೂಮಿನ ಪಕ್ಕದ ಮೆಟ್ಟಿಲನ್ನೇ ಹತ್ತಿದ.

"ಇವನನ್ನ ಇಲ್ಲಿಗೆ ಕರೆಸಿದ್ದು ಯಾರು?"

"ನಾನೇ," ಎಂದಳು ಹೆಂಡತಿ. "ನೀವಾಗಿ ಹೋಗೋರಲ್ಲ, ಅದಕ್ಕೆ."

"ಅಂಗಡಿ ಮಾರೋದಕ್ಕಾ?"

"ಉಳಿಸ್ಕೊಳ್ಳೋದಕ್ಕೆ. ತಗೊಳ್ಳಿ, ಓದಿ."

ಹೊರಗೆ ಕೊರಿಯರಿನವನ ಗಾಡಿ ಬಂದು ನಿಂತಿತು. ಕಿವಿಯಣ್ಣ ಹಾಳೆ ಕಿತ್ತುಕೊಂಡು ಬಿಡಿಸಿದ. ಅದರಲ್ಲಿ ಒಂದು ಕಾರ್ಡಿನ ಹೆಸರೂ ಇರಲಿಲ್ಲ. ಎರಡು ಸಲ ಓದಿದ. ಆಮೇಲೆ ಬಾಗಿಲ ಬಳಿ ಕುಕ್ಕರುಗಾಲಿನಲ್ಲಿ ಕೂತು, ಪೆಟ್ಟಿಗೆಗೆ ಅಂಟಿಸಿದ್ದ ವಾಪಸ್ ಚೀಟಿಯನ್ನು ಉಗುರಿನಿಂದ ಕೆರೆದು ಕೀಳತೊಡಗಿದ.

ಹಾಳೆಯ ತಲೆಯಲ್ಲಿ ಶೋರೂಮಿನ ಮೇಲಿನ ಮಹಡಿಯ ಕಿವಿ ವೈದ್ಯರ ವಿಳಾಸ ಅಚ್ಚಾಗಿತ್ತು, ಅದರ ಕೆಳಗೆ: "ಹೆಡ್‌ಫೋನ್ ತಿರುವುಮುರುವಾಗಿ ತೊಡಿಸಿದರೂ ಕೇಳಿಸದಿದ್ದುದು ಎಡಗಡೆಯೇ. ಕಾರ್ಡುಗಳೆಲ್ಲ ಸರಿಯಿವೆ."