ಹದಿನೈದು ಹನಿ

ಇಷ್ಟಲಿಂಗ ರೇಣುಕಯ್ಯನವರ ಅಂಗೈಯಿಂದ ಜಾರಿ ಮೂರನೆಯ ಸಲ ನೆಲಕ್ಕೆ ಬಿತ್ತು. ಒಂದೂವರೆ ವರ್ಷದಿಂದ ಅವರ ಎರಡೂ ಕೈಗಳು ಸುಮ್ಮನೆ ಕೂತಾಗಲೂ ನಡುಗುತ್ತಿದ್ದವು. ಮೊದಲ ಸಲ ಲಿಂಗ ಬಿದ್ದಾಗ ಒಂದು ದಿನ ಉಪವಾಸವಿದ್ದರು, ಎರಡನೆಯ ಸಲ ಮೂರು ದಿನ. ಈ ಸಲ ಲಿಂಗವನ್ನೆತ್ತಿ ಕಣ್ಣಿಗೊತ್ತಿಕೊಂಡು, ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ ದಾಕ್ಷಾಯಣಮ್ಮನಿಗೆ ಹೇಳಿದರು:

"ಇನ್ನೊಂದ್ಸಲ ಬಿದ್ರೆ ಅವತ್ತಿಗೆ ಅನ್ನ ನೀರು ಬುಟ್ಟೆ. ಅಷ್ಟೇಯ."

"ನಾನು ಕೆಳಗೆ ಕೈ ಹಿಡೀತೀನಿ ಕಣ್ರಿ."

"ನಿನ್ ಕೈಗೆ ನಿನ್ ಲಿಂಗ ಐತೆ. ನನ್ನ ಲಿಂಗಕ್ಕೆ ನನ್ನ ಅಂಗೈಯೇ ಪೀಠ."

ಕಳ್ಳಂಬೆಳ್ಳದ ಸುತ್ತ ಎಷ್ಟೋ ಮಕ್ಕಳ ಕೊರಳಿಗೆ ಲಿಂಗ ಕಟ್ಟಿದ ಅಯ್ಯನವರು ಅವರು. ಒಮ್ಮೆ ಆಡಿದ ಮಾತೆಂದರೆ ಮುಗಿಯಿತು, ಆಚೆ ಈಚೆ ಇಲ್ಲ. ಉಪವಾಸದಲ್ಲೇ ಅರ್ಧ ಆಗಿದ್ದ ಗಂಡನನ್ನು ದಾಕ್ಷಾಯಣಮ್ಮ ಆ ವಾರವೇ ಗಾಡಿ ಕಟ್ಟಿಸಿ ಶಿರಾಕ್ಕೆ ಕರೆದೊಯ್ದಳು. ಜುಮ್ಮಾ ಮಸೀದಿಯ ಹಿಂದಿನ ಬೀದಿಯಲ್ಲಿ ಚಂದ್ರಶೇಖರಯ್ಯ ಎಂಬ ಡಾಕ್ಟರಿದ್ದರು. ಮಹಾರಾಜರ ಸರ್ಕಾರದ ನೌಕರಿ ಬೇಡವೆಂದು ಇಲ್ಲಿ ಬಂದು ಕೂತ ವಿಚಿತ್ರದ ಮನುಷ್ಯ. ಬೇಲಿ ಸಾಲಿನ ಉಮ್ಮತ್ತಿ ಬೀಜದಿಂದ ತಾವೇ ಅರ್ಕ ಇಳಿಸಿ, ನಡುಕದ ರೋಗಿಗಳಿಗೆ ಕೊಟ್ಟು, ಯಾರಿಗೆ ಎಷ್ಟು ಹನಿಗೆ ಏನಾಯಿತೆಂದು ದಪ್ಪ ಪುಸ್ತಕವೊಂದರಲ್ಲಿ ಬರೆದಿಡುತ್ತಿದ್ದರು.

"ಉಮ್ಮತ್ತಿ ತಿಂದ್ರೆ ಹುಚ್ಚು ಹಿಡೀತದೆ ಅಂತಾರಲ್ಲ ಸ್ವಾಮಿ?" ದಾಕ್ಷಾಯಣಮ್ಮ ಹೆದರುತ್ತಲೇ ಕೇಳಿದಳು.

"ತಿಂದರೆ ಹಿಡಿಯುತ್ತೆ. ಅಳೆದು ಕುಡಿದರೆ ಕೈ ನಿಲ್ಲುತ್ತೆ. ಸಂಜೆ ಊಟ ಆದ ಮೇಲೆ ಐದು ಹನಿಯಿಂದ ಶುರು ಮಾಡಿ. ಹದಿನೈದು ದಾಟಬೇಡಿ."

"ಶಿವನಿಗೆ ಏರ್ಸೋ ಹೂವಿನ ಮದ್ದು," ಎಂದರು ರೇಣುಕಯ್ಯನವರು ಹೆಂಡತಿಯತ್ತ ತಿರುಗಿ. "ನಂಗೇನು ಮಾಡ್ತದೆ, ಹಾಕು."

ಐದು ಹನಿಗೆ ಬಾಯಿ ಒಣಗಿತು, ಅಷ್ಟೇ. ಹತ್ತಕ್ಕೆ ನಡುಕ ಅರ್ಧ ಇಳಿಯಿತು. ಲಿಂಗವನ್ನು ಎದೆಗೆ ಒತ್ತಿ ಹಿಡಿದು ಹೇಗೋ ಪೂಜೆ ಮುಗಿಸುತ್ತಿದ್ದರು. ಮುಗಿಯುವವರೆಗೂ ದಾಕ್ಷಾಯಣಮ್ಮನ ಜೀವ ಬಾಯಿಗೆ ಬಂದಿರುತ್ತಿತ್ತು. ಹದಿನೈದು ಹನಿ ಕುಡಿದ ಮರುದಿನ ಬೆಳಿಗ್ಗೆ ನಡುಕ ನಿಂತೇಬಿಟ್ಟಿತು. ಚಾಚಿದ ಎಡ ಅಂಗೈ ಮೇಲೆ ಲಿಂಗ ಅಲುಗದೆ ಕೂತಿತ್ತು. ಸಂತೋಷಕ್ಕೆ ಅವಳ ಕಣ್ಣಲ್ಲಿ ನೀರು ಬಂತು. ರೇಣುಕಯ್ಯನವರು ತಲೆಯೆತ್ತಿ ನೋಡಿದರು.

"ಯಾರಮ್ಮ ನೀನು? ಈ ಕಲ್ಲು ನಿಂದಾ?"

ಲಿಂಗವನ್ನು ಗೋಡೆಯ ಗೂಡಿನಲ್ಲಿಟ್ಟು ಊಟ ಕೇಳಿದರು. ಎರಡು ಮುದ್ದೆ ಉಂಡರು. ಅವರು ಹಾಗೆ ಹೊಟ್ಟೆ ತುಂಬ ಉಂಡು ಎಷ್ಟೋ ತಿಂಗಳಾಗಿತ್ತು. ಬಡಿಸುತ್ತಿದ್ದವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ತಾನೇ ಅವರ ಕೊರಳಿಗೆ ಕಟ್ಟಿ, ಪಕ್ಕದ ಮನೆಯವರನ್ನು ಕಾವಲಿಗೆ ಕೂರಿಸಿ ಶಿರಾಕ್ಕೆ ಓಡಿದಳು.

ಚಂದ್ರಶೇಖರಯ್ಯ ಎಲ್ಲವನ್ನೂ ಬರೆದುಕೊಂಡು ಪೆನ್ನು ಕೆಳಗಿಟ್ಟರು. ಅವರ ಮುಖ ಚಿಕ್ಕದಾಗಿತ್ತು.

"ಈ ಮದ್ದು ಮಿದುಳಿಗೆ ಹೋಗಿ ಯಾವುದೋ ಬಾಗಿಲಿಗೆ ಚಿಲಕ ಹಾಕುತ್ತೆ ಕಣಮ್ಮ. ನಡುಕ ಬರೋದೂ ಆ ಬಾಗಿಲಿಂದಲೇ, ನೆನಪು ಬರೋದೂ ಅಲ್ಲಿಂದಲೇ ಅಂತ ಕಾಣುತ್ತೆ. ಬೇರೆ ಬೇರೆ ಬಾಗಿಲು ಇರಬಹುದು, ಹುಡುಕ್ತಾ ಇದ್ದೀನಿ. ಇನ್ನೂ ಸಿಕ್ಕಿಲ್ಲ."

"ನಡುವೆ, ಹನ್ನೆರಡು ಹನಿ ಹಾಕಿದ್ರೆ?"

"ಪಾವಗಡದವರೊಬ್ಬರಿಗೆ ಕೊಟ್ಟು ನೋಡಿದೆ. ಕೈಯೂ ನಿಲ್ಲಲಿಲ್ಲ, ಬುದ್ಧಿಯೂ ನಿಲ್ಲಲಿಲ್ಲ. ಮದ್ದು ಬಿಟ್ಟುಬಿಡಿ. ಎರಡು ಮೂರು ದಿನದಲ್ಲಿ ನಿಮ್ಮ ಗುರುತು ಹಿಡೀತಾರೆ."

ಮೂರನೆಯ ದಿನ ಸಂಜೆ, "ಲೇ ಇವಳೇ, ನೀರು ತಗಂಬಾ," ಎಂಬ ಕೂಗು ಕೇಳಿ ದಾಕ್ಷಾಯಣಮ್ಮ ಒಲೆ ಬಿಟ್ಟು ಎದ್ದು ಬಂದಳು. ಕೊಟ್ಟ ಚೊಂಬಿನ ನೀರು ಅರ್ಧ ಅವರ ಪಂಚೆಯ ಮೇಲೇ ಚೆಲ್ಲಿತು. ಗಂಡನೂ ಬಂದಿದ್ದರು, ನಡುಕವೂ ಬಂದಿತ್ತು.

"ನಾಕು ದಿನದಿಂದ ಏನೂ ನೆನಪಿಗೇ ಬರ್ತಿಲ್ಲ ಕಣೇ. ಲಿಂಗ ಬಿತ್ತೇನು?"

"ಇಲ್ಲ. ಅಲ್ಲಾಡ್ಲೇ ಇಲ್ಲ."

"ಪೂಜೆ?"

ಲಿಂಗವನ್ನು ಕಲ್ಲೆಂದಿರಿ, ಪೂಜೆಯಿಲ್ಲದೆ ಉಂಡಿರಿ ಎಂದರೆ ಇವರು ಈಗಲೇ ಗೋಡೆಗೆ ಮುಖ ಮಾಡಿ ಮಲಗುತ್ತಾರೆ, ಮತ್ತೆ ಏಳುವುದಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ದಿನಾ ಮಾಡಿದ್ರಿ. ಎಷ್ಟು ಚೆಂದಾಗಿ ಮಾಡಿದ್ರಿ!"

ರೇಣುಕಯ್ಯನವರ ಮುಖ ಅರಳಿತು. "ಹಂಗಾದ್ರೆ ಉಂಡ್ಮೇಲೆ ಅದೇ ಮದ್ದು ಹಾಕು. ಹದಿನೈದು."

"ಡಾಕ್ಟ್ರು ಸಾಕು ಅಂದವ್ರೆ."

"ಅವರಿಗೇನು? ನಾಳೆ ಬೆಳಿಗ್ಗೆ ಬಿದ್ರೆ ಉಪವಾಸ ಕೂರೋನು ನಾನು." ಎತ್ತಿ ತೋರಿಸಿದ ಅಂಗೈ ಗಡಗಡ ನಡುಗುತ್ತಿತ್ತು.

ಹೇಳಿದರೆ ಸಾಯುತ್ತಾರೆ. ಕೊಡದಿದ್ದರೂ ಸಾಯುತ್ತಾರೆ. ಹತ್ತೇ ಹನಿ ಹಾಕಿದರೆ ಇಂದಲ್ಲ ನಾಳೆ ಲಿಂಗ ಜಾರಿಯೇ ಜಾರುತ್ತದೆ. ತನ್ನನ್ನು ಯಾರೆಂದು ಕೇಳಿದರೂ ಚಿಂತೆಯಿಲ್ಲ, ಉಣ್ಣುವ ಗಂಡ ಮನೆಯಲ್ಲಿರಲಿ ಎಂದು ಗಟ್ಟಿ ಮನಸ್ಸು ಮಾಡಿ ಅವಳು ಊಟ ಬಡಿಸಿದಳು, ಆಮೇಲೆ ಸೀಸೆ ತಂದಳು. ಹನಿಗಳನ್ನು ಬಟ್ಟಲಿಗೆ ಎಣಿಸಿ ಹಾಕಿದಳು. ಬಟ್ಟಲನ್ನು ಅವರ ಬಾಯಿಯ ಹತ್ತಿರ ಹಿಡಿದವಳು ಯಾಕೋ ತಡೆದಳು. ಮದುವೆಯಾದ ಮೂವತ್ತು ವರ್ಷದಲ್ಲಿ ಎಂದೂ ಕೇಳದ್ದನ್ನು ಕೇಳಿದಳು.

"ಒಂದ್ಸಲ ನನ್ನ ಹೆಸರಿಡಿದು ಕೂಗ್ರಿ."

"ಥೂ, ಏನೇ ನಿಂದು ಈ ವಯಸ್ನಾಗೆ!" ರೇಣುಕಯ್ಯನವರು ನಾಚಿಕೊಂಡು ನಕ್ಕರು. "ನಾಳೆ ಕೂಗ್ತೀನಿ ಬುಡು," ಎಂದು ಬಾಯಿ ತೆರೆದರು.